ನಂದಾಗೆ ಬೇಕಾದ ಸಾಹಿತ್ಯ

ಸಿದ್ರಾಮ ಜೋಳದ ಹಿಟ್ಟು ನಾದಿ ತಟ್ಟಿದ. ರೊಟ್ಟಿ ಹಂಚು ಸೇರುವ ಮೊದಲೇ ಪಾಲಾದ ಅಣ್ಣತಮ್ಮಂದಿರಂತೆ ಮೂರು ತುಂಡಾಯಿತು.

ಹೆಂಡತಿ ನಂದಾ ಮೂರು ದಿನದಿಂದ ಅಕ್ಕಲಕೋಟದ ಹತ್ತಿರದ ತವರೂರು ನಾಗಣಸೂರಿನಲ್ಲಿದ್ದಳು. ಎಲ್ಲ ಟೀವಿಯ ಕೃಪೆ. ದೊಡ್ಡ ಸಾಹಿತಿಗಳ ಮನೆಯ ಕತೆ ಹೇಳುವ ಧಾರಾವಾಹಿಯಲ್ಲಿ ಕವಿಯೊಬ್ಬ ಹೆಂಡತಿಗೆ ದಿನಾ ಪತ್ರ ಬರೆಯುತ್ತಿದ್ದ, ಅದೂ ಒಂದೇ ಮನೆಯಲ್ಲಿದ್ದುಕೊಂಡು!

"ಹದಿನಾಕ ವರ್ಷದಾಗ ನನಗ ಒಂದ ಸಾಲ ಬರದೀರೇನ್ರಿ?" ಎಂದು ಕೇಳಿದ್ದಳು ನಂದಾ. ಸಿದ್ರಾಮ ನಕ್ಕಿದ್ದ. ಅವಳು ಎಸ್.ಟಿ. ಬಸ್ಸು ಹತ್ತಿದ್ದಳು.

ಇವತ್ತು ಮುಂಜಾನೆ ಅವಳದೇ ಫೋನು: "ನಿಮ್ಮ ಸಾಹಿತ್ಯ ಬಂದ್ರ ನಾನೂ ಬರ್ತೀನಿ."

ಮರಾಠಿ ಮಾತಿನ ಸೋಲಾಪುರದ ಪೇಟೆಯಲ್ಲಿ ಸಾಹಿತ್ಯವೆಂದರೆ ಸಾಮಾನು. ಪೂಜಾ ಸಾಹಿತ್ಯವೆಂದರೆ ಕರ್ಪೂರ, ಅಡಿಗೆಯದಾದರೆ ಬೇಳೆ, ಬೆಲ್ಲ. ಸಿದ್ರಾಮ ರೊಟ್ಟಿ ಬಿಟ್ಟು ಓಡಿ, ಎರಡು ಕಿಲೋ ತೊಗರಿಬೇಳೆ ಕಟ್ಟಿಸಿ ನಾಗಣಸೂರಿನ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಬಂದ.

ಮಧ್ಯಾಹ್ನ ಮತ್ತೆ ಫೋನು. "ತೊಗರಿ ಬೆಳಿಯೂ ಮನಿಗೆ ಬ್ಯಾಳಿ ಕಳಿಸೀರಲ್ಲ! ನಮ್ಮವ್ವ ಬಿದ್ದಬಿದ್ದ ನಗಾಕತ್ತಾಳ. ಪತ್ರ ಬೇಕ್ರಿ, ಪತ್ರ! ಕನ್ನಡದಾಗ, ನಿಮ್ಮ ಕೈಲೆ ಬರದದ್ದು. ಬರದಿದ್ರ ಕಲತ ಬರೀರಿ!"

ಸಿದ್ರಾಮ ಓದಿದ್ದು ಮರಾಠಿ ಸಾಲಿ. ಕನ್ನಡ ನಾಲಿಗೆಯಲ್ಲಿತ್ತು, ಬೆರಳಿನಲ್ಲಿರಲಿಲ್ಲ.

"ಫೋನಿಗೆ ಹೇಳೋ, ಅದ ಬರೀತದ," ಎಂದ ಎದುರುಮನೆಯ ತುಕಾರಾಮ. ಸಿದ್ರಾಮ ನಾಚುತ್ತ "ನನ್ನ ಪ್ರಾಣವೇ" ಎಂದ. ಪಕ್ಕದ ಮನೆಯ ರತ್ನಾಬಾಯಿ ಇಣುಕಿ ಓದಿದಳು.

"'ನನ್ನ ಪ್ರಾಣಿ' ಅಂತ ಬರದೈತಿ! ಇದ ಕಳಿಸಿದ್ರ ಆಕಿ ಜನ್ಮಾದಾಗ ಬರಾಂಗಿಲ್ಲ. ಕಾಗದಾ ತಾ ಇಲ್ಲೆ. ನಾ ಬರೀತೀನಿ, ನೀ ಸಹಿ ಅಷ್ಟ ಮಾಡು."

ರತ್ನಾಬಾಯಿ ಎರಡು ಹಾಳೆ ತುಂಬ ಮುತ್ತು ಪೋಣಿಸಿದಂತೆ ಬರೆದಳು. ಸಿದ್ರಾಮ ಮರಾಠಿಯಲ್ಲಿ ಸಹಿ ಹಾಕಿ ಅಂಚೆ ಕಚೇರಿಗೆ ಓಡಿದ. ಕಿಟಕಿಯಲ್ಲಿ ಲಕೋಟೆ ಕೊಟ್ಟು, ಸ್ಪೀಡ್ ಪೋಸ್ಟಿನ ರಸೀದಿ ಕಿಸೆಗೆ ಹಾಕುವಷ್ಟರಲ್ಲಿ ಫೋನು.

"ಏನ್ರಿ, ಪತ್ರ ಬ್ಯಾಡ್ರಿ!" ನಂದಾಳ ದನಿ ಬೆಣ್ಣೆಯಾಗಿತ್ತು. "ಈಗಿನ ಕಂತಿನ್ಯಾಗ ಗುಟ್ಟ ಹೊರಗ ಬಿತ್ತು. ಆ ಕವಿ ಎಲ್ಲಾ ಪತ್ರ ಬಾಜೂಮನಿ ಹೆಂಗಸಿನ ಕೈಲೆ ಬರಸತಿದ್ದನಂತ! ಅಕ್ಷರ ನೋಡೇ ಹೇಂತಿ ಹಿಡದಳು. ಥೂ! ನೀವು ಬಂಗಾರದಂಥಾ ಮನಶ್ಯಾ. ನಾಳಿ ಸಂಜಿಕ ಬರ್ತೀನಿ."

"ಇವತ್ತ ಬಾ! ಈಗಿಂದೀಗ ಬಾ!"

"ಅಯ್ಯ, ಏನ್ ಅವಸರ್ರಿ ನಿಮಗ!" ನಂದಾ ನಾಚಿ ಫೋನಿಟ್ಟಳು.

ಸಿದ್ರಾಮ ಕಿಟಕಿಯೊಳಗೆ ಕೈ ತೂರಿಸಿದ. "ಸಾಹೇಬ್ರ, ನನ್ನ ಲಕೋಟಿ ಜರಾ ವಾಪಸ್..."

ಗುಮಾಸ್ತ ಹೊರಗೆ ಬೆರಳು ತೋರಿಸಿದ. ಅಂಚೆಯ ಕೆಂಪು ಗಾಡಿ ಗೇಟು ದಾಟುತ್ತಿತ್ತು.

"ಕಾಳಜಿ ಮಾಡಬ್ಯಾಡ್ರಿ," ಎಂದ ಅಭಿಮಾನದಿಂದ. "ಅಕ್ಕಲಕೋಟದ ಟಪಾಲ ಥೈಲಿ ಹೋತು. ನಾಳಿ ಮುಂಜಾನಿ ಹತ್ತಕ್ಕ ನಂದಾಬಾಯಾರ ಕೈಯಾಗ ಇರ್ತದ."