ಗುಲಾಬಿ ಗಿಡದ ಮೇಲೆ ಒಂದು ಗುಟುಕು ವೈನು

"ಉಗಿದ್ಬಿಟ್ಟ, ಜೆಲಿ. ನನ್ನ ಕಣ್ಣೆದುರಿಗೇ ಉಗಿದ್ಬಿಟ್ಟ."

ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ದ್ರಾಕ್ಷಿ ಬೆಳೆಯುವ ಫುಲ್ಕ್ರಾನ್ ಅಡುಗೆಮನೆಗೆ ನುಗ್ಗಿ ಟೋಪಿಯನ್ನು ಮೇಜಿನ ಮೇಲೆ ಬಿಸುಟ. ಅವನ ಹೆಂಡತಿ ಜೆಲಿ ಒರಳಲ್ಲಿ ಬೆಳ್ಳುಳ್ಳಿ ಜಜ್ಜುವುದನ್ನು ನಿಲ್ಲಿಸಲಿಲ್ಲ. ಹೂದೋಟ, ಹಳೇ ಊರು, ದ್ರಾಕ್ಷಿತೋಟ ಎಂದು ಸುತ್ತುವ ಪ್ರವಾಸಿಗಳು ಅಂಗಳದಲ್ಲಿದ್ದರು. ಅವರ ಬಸ್ಸು ಈ ಮನೆಗೆ ಬಂದದ್ದು ಇದೇ ಮೊದಲು. ಅದಕ್ಕೆಂದೇ ಫುಲ್ಕ್ರಾನ್ ಗಡ್ಡ ಬೋಳಿಸಿಕೊಂಡಿದ್ದ.

ಜೆಲಿ: ಯಾರು ಉಗಿದಿದ್ದು?

ಫುಲ್ಕ್ರಾನ್: ಆ ಹಾಲೆಂಡಿನ ಉದ್ದನೆ ಮನುಷ್ಯ.

ಜೆಲಿ: ಉಗೀದೆ ಇನ್ನೇನ್ಮಾಡ್ತಾರೆ? ಬಂದೋರನ್ನ ಬಿಸಿಲಲ್ಲಿ ನಿಲ್ಸಿ ನಿಮ್ಮಜ್ಜನ ಕತೆ ಹೇಳ್ತಿದ್ದೆ.

ಫುಲ್ಕ್ರಾನ್: ಆ ಉಗಿಯೋದಲ್ಲ ಮಾರಾಯ್ತಿ. ಬಾಯಿಂದ ಉಗಿದ.

ಜೆಲಿ: ಬೈಯೋದು ಮತ್ತೆ ಎಲ್ಲಿಂದ?

ಫುಲ್ಕ್ರಾನ್: ನನ್ನ ವೈನು ಕಣೇ. ಬಾಯಿಗೆ ಹಾಕ್ಕೊಂಡ, ಗುಳುಗುಳು ಮುಕ್ಕಳಿಸ್ದ, ಥೂ ಅಂತ ಉಗಿದ.

ಜೆಲಿ: ರುಚಿ ಗೊತ್ತಿರೋ ಮನುಷ್ಯ, ಪಾಪ.

ಅಷ್ಟರಲ್ಲಿ ಆ ಉದ್ದನೆಯ ಮನುಷ್ಯ ಫ್ಲೋರಿಸ್ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ.

ಫ್ಲೋರಿಸ್: ತಪ್ಪು ತಿಳ್ಕೋಬೇಡಿ ಯಜಮಾನ್ರೇ. ಬೆಳಗ್ಗೆಯಿಂದ ಎಷ್ಟೋ ಕಡೆ ರುಚಿ ನೋಡಿದೀವಿ. ಎಲ್ಲಾ ನುಂಗಿದ್ರೆ ಬಸ್ಸು ಹತ್ತೋಕಾಗಲ್ಲ.

ಫುಲ್ಕ್ರಾನ್: ಬೇರೆಯೋರದ್ದು ಉಗೀರಿ, ಯಾರು ಬೇಡ ಅಂದ್ರು? ನನ್ನದು ನುಂಗಿ.

ಜೆಲಿ: ಇಷ್ಟಕ್ಕೆ ಯಾಕೆ ರಂಪ? ಉಗಿದಿದ್ದು ನೆಲಕ್ಕೆ ತಾನೆ?

ಫುಲ್ಕ್ರಾನ್: ನಿನ್ನ ಗುಲಾಬಿ ಗಿಡದ ಮೇಲೆ.

ಜಜ್ಜುವ ಸದ್ದು ನಿಂತಿತು.

ಜೆಲಿ: ನನ್ನ ಗುಲಾಬಿ ಮೇಲೆ? ಅದೂ ಇವನ ವೈನನ್ನ? ಗಿಡ ಸುಟ್ಟುಹೋದ್ರೆ ಯಾರ್ರೀ ಹೊಣೆ?

ಫುಲ್ಕ್ರಾನ್: ಸುಟ್ಟುಹೋಗೋಕೆ ಅದೇನು ವಿಷಾನಾ? ನೀವು ಇನ್ನೊಂದ್ಸಲ ಉಗೀರಿ ಸ್ವಾಮಿ, ನಾನು ನೋಡ್ಕೋತೀನಿ.

ಫ್ಲೋರಿಸ್: ಗಿಡಕ್ಕೇನೂ ಆಗಿಲ್ಲಮ್ಮಾ. ಅದನ್ನೇ ಹೇಳೋಕೆ ಬಂದೆ. ನನಗೆ ಎರಡು ಬಾಟ್ಲಿ ಬೇಕು.

ಫುಲ್ಕ್ರಾನ್‌ನ ಮುಖ ಅರಳಿತು.

ಫುಲ್ಕ್ರಾನ್: ಕೇಳಿಸ್ತಾ ಜೆಲಿ? ಊಟದ ಜೊತೆಗಾ ಸ್ವಾಮಿ?

ಫ್ಲೋರಿಸ್: ಅಲ್ಲ, ಹೇನಿಗೆ.

ಜೆಲಿ: ನಮ್ಮನೇಲಿ ಯಾರ ತಲೇಲೂ ಹೇನಿಲ್ಲ.

ಫ್ಲೋರಿಸ್: ತಲೇದಲ್ಲಮ್ಮಾ, ಗುಲಾಬಿದು. ವೈನು ಬಿದ್ದ ಕೊಂಬೇಲಿ ಹೇನೆಲ್ಲ ಉದುರಿಹೋಗಿವೆ. ನಮ್ಮನೆ ತೋಟದಲ್ಲೂ ಅದರ ಕಾಟ ಬಹಳ.

ಫುಲ್ಕ್ರಾನ್ ಕುರ್ಚಿಯ ಮೇಲೆ ಕುಸಿದ. ಚರ್ಚಿನಲ್ಲೂ ಬಾಯಿ ಮುಚ್ಚದವನು ಹೀಗೆ ಸುಮ್ಮನಾದದ್ದನ್ನು ಕಂಡು ಜೆಲಿಗೆ ಅಯ್ಯೋ ಎನಿಸಿತು. ಅವಳು ಎದ್ದು ಲೋಟದ ತುಂಬ ವೈನು ಬಗ್ಗಿಸಿಕೊಂಡಳು.

ಜೆಲಿ: ನೋಡಿ ಸ್ವಾಮಿ, ನನ್ನ ಗಂಡ ವರ್ಷವಿಡೀ ಬೆವರು ಸುರಿಸಿ ಮಾಡಿದ್ದು ಇದು. ಹುಳಹುಪ್ಪಟೆಗಲ್ಲ, ಮನುಷ್ಯರಿಗೆ. ಕುಡಿಯೋದು ಹೀಗೆ.

ಒಂದೇ ಗುಟುಕಿಗೆ ಲೋಟ ಬರಿದು ಮಾಡಿದಳು. ಫುಲ್ಕ್ರಾನ್ ಎದ್ದು ನಿಂತ.

ಫುಲ್ಕ್ರಾನ್: ಹೇಗಿದೆ ಜೆಲಿ?

ಜೆಲಿ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು ತುಂಬಿತು.

ಜೆಲಿ: ಇವರಿಗೆ ಎರಡಲ್ಲ, ನಾಲ್ಕು ಬಾಟ್ಲಿ ಕೊಡು. ಒಂದು ಹೇನೂ ಉಳಿಯಲ್ಲ.