ಫೋನಿನ ಹೊಲ ಪಾಲಿಗೆ ಕೊಟ್ಟದ್ದು

ತೊಗರಿಬೇಳೆ ತುಟ್ಟಿಯಾದರೆ ನಿಮ್ಮ ಮನೆಯಲ್ಲಿ ಏನಾಗುತ್ತದೆ? ಸಾರು ತೆಳ್ಳಗಾಗುತ್ತದೆ, ಅಷ್ಟೇ ತಾನೆ? ನಮ್ಮ ಮನೆಯಲ್ಲಿ ನನ್ನ ಹೊಲಕ್ಕೆ ಗೊಬ್ಬರ ನಿಂತುಹೋಯಿತು.

ಹೊಲ ಎಂದ ಕೂಡಲೇ ನನ್ನನ್ನು ದೊಡ್ಡ ಕುಳ ಎಂದು ತಿಳಿಯಬೇಡಿ. ನಾನು ಸೇಡಂ ಬಜಾರಿನ ಒಂದು ಅಡತಿ ಅಂಗಡಿಯ, ಅಂದರೆ ಧಾನ್ಯದ ದಲ್ಲಾಳಿ ಅಂಗಡಿಯ, ಗುಮಾಸ್ತ. ಹಗಲೆಲ್ಲ ಕ್ವಿಂಟಲ್‌ಗಟ್ಟಲೆ ತೊಗರಿ ತೂಗಿಸುತ್ತೇನೆ, ಸಂಜೆ ಅದರದೇ ಬೇಳೆಯನ್ನು ಪಾವು ಕಿಲೋ ಕಟ್ಟಿಸಿಕೊಂಡು ಮನೆಗೆ ಬರುತ್ತೇನೆ. ನಮ್ಮಪ್ಪ ಚಿತ್ತಾಪುರದಲ್ಲಿ ಹಮಾಲಿ ಮಾಡಿದವರು, ಅವರಪ್ಪ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ನಮ್ಮ ವಂಶದಲ್ಲಿ ಯಾರ ಹೆಸರಿಗೂ ಒಂದು ಗುಂಟೆ ನೆಲ ಇದ್ದದ್ದಿಲ್ಲ. ನನ್ನ ಹೊಲ ಇರುವುದು ಫೋನಿನಲ್ಲಿ. ಆ ಆಟದ ಇಂಗ್ಲಿಷ್ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲವಾದ್ದರಿಂದ ಮನೆಯಲ್ಲಿ ಎಲ್ಲರೂ ಅದನ್ನು 'ಹೊಲ' ಎಂದೇ ಕರೆಯುತ್ತೇವೆ.

ಎರಡು ವರ್ಷ ಆ ಹೊಲವನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದೇನೆ. ತಿಂಗಳಿಗೆ ಮುನ್ನೂರು ರೂಪಾಯಿಯ ಪಾಸು ತೆಗೆದುಕೊಂಡರೆ ವಜ್ರ ಕೊಡುತ್ತಾರೆ. ಆ ವಜ್ರವನ್ನು ಗೊಬ್ಬರದ ಹಾಗೆ ಚೆಲ್ಲಿದರೆ ಎರಡು ದಿನದ ಬೆಳೆ ಎರಡು ನಿಮಿಷಕ್ಕೆ ಬರುತ್ತದೆ. (ಕೃಷಿ ವಿಜ್ಞಾನಿಗಳು ಇತ್ತ ಗಮನ ಹರಿಸಬೇಕು.) ಪ್ರತಿ ಹಂಗಾಮಿನ ಕೊನೆಗೆ ನಮ್ಮ ಗುಂಪಿನ ಐವತ್ತು ಜನರಲ್ಲಿ ಮೊದಲು ಬಂದವರಿಗೆ 'ಜಮೀನ್ದಾರ' ಎಂಬ ಬಿರುದು, ತಲೆಗೊಂದು ಕಿರೀಟ, ಹೆಸರು ಬರೆದ ಒಂದು ಪ್ರಶಸ್ತಿಪತ್ರ. ನಗಬೇಡಿ. ಹಮಾಲನ ಮಗನಿಗೆ ಆ ಮಾತು ಎಲ್ಲಿ ತಟ್ಟುತ್ತದೆಂದು ನನಗೆ ಗೊತ್ತು. ಮೂರು ಹಂಗಾಮಿನಿಂದ ಆ ಕಿರೀಟ ಪಕ್ಕದ ಅಡತಿಯ ಗುಮಾಸ್ತ ಕಾಶೀನಾಥನ ತಲೆಯ ಮೇಲಿತ್ತು. ಚಹಾ ಕುಡಿಯುವಾಗ ಆತ ನನ್ನನ್ನು "ಏನ್ರಿ ರೈತ್ರೆ" ಎಂದು ಮಾತಾಡಿಸುತ್ತಿದ್ದ.

ಈ ಸಲ ಅವನನ್ನು ಇಳಿಸಿಯೇ ಸೈ ಎಂದು ಸೊಂಟ ಕಟ್ಟಿ ನಿಂತಾಗಲೇ ಪಾಸು ನಾನೂರಾಯಿತು. ಅದೇ ವಾರ ಬೇಳೆ ಏರಿತು, ಎಣ್ಣೆ ಏರಿತು. ಸರಕಾರಿ ನೌಕರರಿಗೆ ತುಟ್ಟಿಭತ್ಯೆ ಉಂಟು. ನನಗೆ ತುಟ್ಟಿ ಮಾತ್ರ, ಭತ್ಯೆ ಇಲ್ಲ. ನಮ್ಮ ಮನೆಯ ಅರ್ಥ ಸಚಿವೆ, ಅಂದರೆ ನನ್ನ ಹೆಂಡತಿ ಸರಿತಾ, ರೊಟ್ಟಿ ಬಡಿಯುತ್ತಲೇ ಬಜೆಟ್ ಮಂಡಿಸಿದಳು.

"ಈ ತಿಂಗಳ ನಿಮ್ಮ ಹೊಲಕ್ಕ ರೊಕ್ಕ ಇಲ್ರಿ. ಬ್ಯಾಳಿ ತುಟ್ಟಿ, ಎಣ್ಣಿ ತುಟ್ಟಿ. ಫೋನಿನ್ಯಾಗಿನ ಗೊಬ್ಬರನೂ ತುಟ್ಟಿ ಅಂದ್ರ ನಾ ಎಲ್ಲಿಂದ ತರ್ಲಿ?"

"ಹಂಗನಬ್ಯಾಡ ಸರಿತಾ. ಮುಂದಿನ ಐತಾರ ಹಂಗಾಮ ಮುಗೀತದ. ಈಗ ಕೈ ಬಿಟ್ರ ಬೆಳಿ ಹಾಳಾಗ್ತದ."

"ಯಾವ ಬೆಳಿ? ಆ ಬೆಳಿದು ಪಾವ್ ಕಿಲೋ ಬ್ಯಾಳಿ ತಂದು ತೋರಿಸ್ರಿ, ಈಗಿಂದೀಗ ರೊಕ್ಕ ಕೊಡ್ತೀನಿ."

ನಾನು ಫೋನು ಎತ್ತಿಕೊಂಡು ಪಡಸಾಲೆಗೆ ಬಂದೆ.

ಪಡಸಾಲೆಯಲ್ಲಿ ನಮ್ಮತ್ತೆ ಸಾಬಮ್ಮ ಕುಳಿತಿದ್ದರು. ಕುರಕುಂಟಾದವರು. ಬದುಕೆಲ್ಲ ಹೊಲದಲ್ಲಿ ದುಡಿದ ಜೀವ, ಮೊಣಕಾಲಿನ ಔಷಧಕ್ಕೆಂದು ಬಂದು ಎರಡು ತಿಂಗಳಿಂದ ಕೈಗೆ ಕೆಲಸವಿಲ್ಲದೆ ಫ್ಯಾನು ತಿರುಗುವುದನ್ನು ನೋಡುತ್ತಿದ್ದರು. ಅವರನ್ನು ನೋಡಿದ ಕೂಡಲೇ ನನ್ನ ತಲೆಯಲ್ಲಿ ಬಲ್ಬು ಹತ್ತಿತು. ನಮ್ಮ ಕಡೆ ಹೊಲ ಮಾಡಲಾಗದವರು ಏನು ಮಾಡುತ್ತಾರೆ? ಪಾಲಿಗೆ ಕೊಡುತ್ತಾರೆ! ದುಡಿಮೆ ಪಾಲಿಗೆ ಮಾಡಿದವರದು, ಬೀಜ ಗೊಬ್ಬರದ ಖರ್ಚು ಅರ್ಧ ಅರ್ಧ, ರಾಶಿಯೂ ಅರ್ಧ ಅರ್ಧ. ಅತ್ತೆಯ ವೃದ್ಧಾಪ್ಯ ವೇತನದಿಂದ ಪಾಸಿನ ಅರ್ಧ ಬಂದರೆ ನನಗೆ ಇನ್ನೂರರಲ್ಲೇ ಮುಗಿಯಿತಲ್ಲ! (ಅತ್ತೆಯ ವೇತನಕ್ಕೆ ಕಣ್ಣು ಹಾಕಿದ ನೀಚ ಎನ್ನುತ್ತೀರಿ. ನೀವು ಕಾಶೀನಾಥನ ಮುಖ ನೋಡಿಲ್ಲ.)

"ಅತ್ತಿ, ನನ್ನ ಹೊಲ ಪಾಲಿಗಿ ಮಾಡ್ತೀರೇನು?" ಎಂದು ಫೋನು ಮುಂದೆ ಹಿಡಿದೆ.

ಅತ್ತೆ ಫೋನನ್ನು ಮೊಳದುದ್ದ ದೂರ ಹಿಡಿದು, ಹೊಲವನ್ನು ಬದುವಿನಿಂದ ಬದುವಿನ ತನಕ ನೋಡಿದರು. "ಭೂಮಿ ಛಲೋ ಅದ. ಕಸ ಭಾಳ ಬೆಳಸೀರಿ. ಆಗ್ಲಿ, ಮಾಡ್ತೀನಿ. ಖರೇ ಅಳಿಯಾರ, ನಡುವ ಬಾಯಿ ಹಾಕಂಗಿಲ್ಲ."

ನಾನು ಒಪ್ಪಿದೆ. ಹಗಲು ಫೋನು ಅವರ ಕೈಗೆ ಕೊಟ್ಟು ಅಂಗಡಿಗೆ ಹೋದೆ. ಸಂಜೆ ಬಂದು ತೆರೆದು ನೋಡುತ್ತೇನೆ: ನನ್ನ ಕಾರಂಜಿ ಇಲ್ಲ. ವಿಲಾಯತಿ ಹೂವಿನ ಸಾಲುಗಳಿಲ್ಲ. ನೂರೈವತ್ತು ರೂಪಾಯಿ ಕೊಟ್ಟು ತಂದ ಬಿಳಿ ಕುದುರೆ ಇಲ್ಲ. ಬದುವಿನಿಂದ ಬದುವಿಗೆ ಬರೀ ಗೊಂಜಾಳ (ಮೆಕ್ಕೆಜೋಳ), ನಡುನಡುವೆ ಒಂದು ಸಾಲು ಹುರುಳಿ.

"ಅತ್ತಿ! ನನ್ನ ಕಾರಂಜಿ ಎಲ್ಲಿ?"

"ಮಾರೀನ್ರಿ. ಹೊಲ್ದಾಗ ಕಾರಂಜಿ ಯಾಕ ಬೇಕು? ಸುಮ್ಮ ನೀರು ಹಾಳು."

"ಕುದರಿ?"

"ಅದೂ ಮಾರೀನಿ. ಗಳೇ ಹೊಡೀತದೇನು ಅದು? ಕುಂತು ತಿಂತಿತ್ತು."

ಕುಂತು ತಿನ್ನುವವರ ಮಾತು ಬಂದಾಗ ಸರಿತಾ ಒಳಗಿನಿಂದ ಕೆಮ್ಮಿದಳು. ಯಾರನ್ನು ಉದ್ದೇಶಿಸಿ ಕೆಮ್ಮಿದಳೆಂದು ನಾನು ಕೇಳಲಿಲ್ಲ.

"ಹೋಗ್ಲಿ, ಪಾಸಿಂದು ಅರ್ಧಾ ರೊಕ್ಕ?" ಎಂದೆ.

"ಅದು ಯಾಕ್ರಿ?"

"ವಜ್ರ ಹಾಕಿದ್ರ ಬೆಳಿ ಲಗೂ ಬರ್ತದ ಅತ್ತಿ."

ಅತ್ತೆ ನನ್ನನ್ನು ಹುಚ್ಚಾಸ್ಪತ್ರೆಯಿಂದ ಆಗಷ್ಟೇ ಬಿಟ್ಟುಕಳಿಸಿದವನನ್ನು ನೋಡುವಂತೆ ನೋಡಿದರು. "ಬೆಳಿಗೇನು ಅವಸರ ಅದ? ಬರೋ ಹೊತ್ತಿಗಿ ಬರ್ತದ. ಇಂಥಾ ತುಟ್ಟಿ ಕಾಲ್ದಾಗ ರೊಕ್ಕ ಕೊಟ್ಟು ಬೆಳಿ ಓಡಿಸ್ತಾರೇನು ಯಾರಾದ್ರೂ?"

ಹೊಲ ಬಿಡಿಸಿಕೊಂಡುಬಿಡಬೇಕೆಂದು ಸಿಟ್ಟು ನೆತ್ತಿಗೇರಿತು. ಆದರೆ ಗುಂಪಿನ ಪಟ್ಟಿ ನೋಡಿದೆ, ಆರನೆಯವನಾಗಿದ್ದ ನಾನು ನಾಲ್ಕಕ್ಕೆ ಬಂದಿದ್ದೆ. ಸಿಟ್ಟು ತಾನಾಗಿ ಇಳಿಯಿತು. ಅತ್ತೆ ಗೊಂಜಾಳ ತೆಗೆದು ಕೋಳಿಗೆ ಹಾಕಿದರು, ಮೊಟ್ಟೆ ಮಾರಿ ಎಮ್ಮೆ ತಂದರು, ಎಮ್ಮೆಯ ಸಗಣಿ ಹೊಲಕ್ಕೆ ಹಾಕಿದರು. ಎರಡು ವರ್ಷ ಆಡಿದ ನನಗೆ ಸಗಣಿಯ ಗುಂಡಿ ಒಂದಿದೆ ಎಂಬುದೇ ಗೊತ್ತಿರಲಿಲ್ಲ. ಬುಧವಾರ ಮೂರನೆಯ ಸ್ಥಾನ, ಶನಿವಾರ ಎರಡು. ಕಾಶೀನಾಥ ವಜ್ರದ ಮೇಲೆ ವಜ್ರ ಚೆಲ್ಲುತ್ತ, ಚಹಾ ಕುಡಿಯುವಾಗ ನನ್ನ ಮುಖ ನೋಡುವುದನ್ನೇ ಬಿಟ್ಟ. ಒಂದು ರೂಪಾಯಿ ಖರ್ಚಿಲ್ಲದೆ ಜಮೀನ್ದಾರನಾಗುವ ಯೋಗ! ಆ ವಾರ ಬಜಾರಿನಲ್ಲಿ ನನ್ನ ನಡಿಗೆಯೇ ಬದಲಾಗಿತ್ತು.

ಭಾನುವಾರ ಬಂತು. ಹಂಗಾಮು ನಾಲ್ಕು ಗಂಟೆಗೆ ಮುಗಿಯುವುದು. ಕಾಶೀನಾಥನ ಕಿರೀಟ ಇಳಿಯುವುದನ್ನು ಕಾಶೀನಾಥನಿಗೇ ತೋರಿಸಬೇಕೆಂಬ ಚಪಲ ನನಗೆ. ಅವನನ್ನು ಚಹಾಕ್ಕೆ ಕರೆದೆ. ಅತ್ತೆಯ ಕೈಯಲ್ಲಿ ಫೋನು ಬಿಟ್ಟು, ಬಸ್ ಸ್ಟ್ಯಾಂಡಿನ ಹತ್ತಿರ ಬಿಸಿ ಮಿರ್ಚಿ ಭಜಿ ಕಟ್ಟಿಸಿ (ಎಣ್ಣೆ ತುಟ್ಟಿಯಾದ್ದರಿಂದ ಭಜಿ ಬೆರಳಿನಷ್ಟಾಗಿತ್ತು), ಅವನನ್ನೂ ಕರೆದುಕೊಂಡು ಮನೆಗೆ ಬರುವಷ್ಟರಲ್ಲಿ ನಾಲ್ಕು ಗಂಟೆ ಐದು ನಿಮಿಷ. ಒಳಗಿನಿಂದ ಫೋನಿನ ಕಹಳೆ ಪೆಂಪೇಂ ಎಂದು ಕೇಳುತ್ತಿತ್ತು. ನನ್ನ ಕಣ್ಣಲ್ಲಿ ನೀರೇ ಬಂತು. ಅಪ್ಪ ಇದ್ದಿದ್ದರೆ ಎಂದುಕೊಂಡೆ.

"ಬರ್ರಿ, ಕುಂದ್ರಿ. ಓದ್ರಿ, ನೀವೇ ಓದ್ರಿ," ಎಂದು ಪ್ರಶಸ್ತಿಪತ್ರ ಮೂಡಿದ್ದ ಫೋನನ್ನು ಕಾಶೀನಾಥನ ಕೈಗೆ ಕೊಟ್ಟೆ.

ಆತ ಗಂಟಲು ಸರಿಮಾಡಿಕೊಂಡು ಓದಿದ. "ಪ್ರಥಮ ಸ್ಥಾನ. ಈ ಹಂಗಾಮಿನ ಜಮೀನ್ದಾರ... ಸಾಬಮ್ಮ, ಕುರಕುಂಟಾ." ಆಮೇಲೆ ಫೋನಿನ ಆಚೆಯಿಂದ ನನ್ನನ್ನು ನೋಡಿದ. "ಏನ್ರಿ ರೈತ್ರೆ, ನಿಮ್ಮ ಹೆಸರು ಎಲ್ಲದ?"

"ಏ ಸರಿತಾ! ಏನಿದು?"

"ನನಗೇನು ಗೊತ್ರಿ? ಫೋನ್ ಕೇಳ್ತು, 'ರೈತನ ಹೆಸರು ನಮೂದಿಸಿ' ಅಂತ. ನಾ ಅವ್ವನ್ನ ಕೇಳ್ದೆ. ಅಕಿ ಹೇಳಿದ್ದು ಬರದೀನಿ."

"ಸುಳ್ಳು ಬರಸ್ಬೇಕೇನು ಮತ್ತ?" ಎಂದರು ಅತ್ತೆ, ಎಲೆಗೆ ಸುಣ್ಣ ಹಚ್ಚುತ್ತ. "ಹೊಲ ಮಾಡಿದಾಕಿ ನಾ. ರೈತ ಅಂದ್ರ ನಾನೇ ಅಲ್ಲೇನು?"

"ಹೊಲ ನಂದ್ರಿ ಅತ್ತಿ! ನೀವು ಪಾಲಿಗಿ ಮಾಡಿದವ್ರು!"

"ನಮ್ಮಪ್ಪನೂ ಗೌಡರ ಹೊಲ ಪಾಲಿಗೇ ಮಾಡ್ತಿದ್ದ. ಕಾಯಿದೆ ಬಂತು, ಯಾರು ಉಳ್ತಾರೋ ಅವ್ರದೇ ಭೂಮಿ ಅಂತು. ನಮ್ಮಪ್ಪ ಅರ್ಜಿ ಕೊಟ್ಟ, ಪಟ್ಟಾ ಅವನ ಹೆಸರಿಗಿ ಆಯ್ತು. ಆ ಗೌಡ್ರೂ ಅವತ್ತು ನಿಮ್ಹಂಗೇ ಬಾಯಿ ತಕ್ಕೊಂಡು ನಿಂತಿದ್ರು ಅಳಿಯಾರ."

ನಾನು ನ್ಯಾಯಕ್ಕಾಗಿ ಸರಿತಾಳ ಕಡೆ ತಿರುಗಿದೆ. ಭೂನ್ಯಾಯಮಂಡಳಿಯ ಅಧ್ಯಕ್ಷೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಪತ್ರದ ಮೇಲೆ ಒಮ್ಮೆ ಬರೆದ ಹೆಸರು ಬದಲಾಗುವುದಿಲ್ಲವೆಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ನಾನು ಆಸೆಪಟ್ಟದ್ದು ಪಟ್ಟ, ಅತ್ತೆಗೆ ಸಿಕ್ಕದ್ದು ಪಟ್ಟಾ. ಕಾಶೀನಾಥನಾದರೂ ನನ್ನ ಪರ ಒಂದು ಮಾತಾಡಿಯಾನೆಂದು ನೋಡಿದರೆ, ಆತ ಭಜಿ ಕೆಳಗಿಟ್ಟು ಅತ್ತೆಯ ಮುಂದೆ ಕೈ ಜೋಡಿಸಿದ್ದ. "ಅವ್ವಾ, ನನ್ನ ಹೊಲಾನೂ ಪಾಲಿಗಿ ಮಾಡ್ತೀರೇನು? ನನಗೂ ಆ ವಜ್ರದ ಖರ್ಚು ನೀಗಾಕ ಆಗವಲ್ದು."

ಅತ್ತೆ ಅದಕ್ಕೂ ಹೂಂ ಎಂದರು. ಎರಡು ಹೊಲ ಒಬ್ಬರೇ ಮಾಡಬೇಕಲ್ಲ. ಸಂಜೆ ಅತ್ತೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಅದೇ ಹೊತ್ತಿಗೆ ಆಟದಲ್ಲಿ ಕಾಗೆಗಳು ಬರುತ್ತವೆ. ಅವನ್ನು ಬೆರಳಿನಿಂದ ಹೊಡೆದು ಓಡಿಸಲು ಒಂದು ಆಳು ಬೇಕಾಯಿತು. ನನಗೇ ಹೇಳಿದರು. ಕೂಲಿ ಏನು ಕೊಡ್ತೀರಿ ಎಂದು ಕೇಳಿದೆ.

"ಭಾಳ ತುಟ್ಟಿ ಕಾಲ ಅಳಿಯಾರ," ಎಂದರು ಜಮೀನ್ದಾರರು. "ಸದ್ಯ ಊಟದ ಮ್ಯಾಲೆ ಇರ್ರಿ."