ಅರ್ಧ ಬಾಲದ ಹಕ್ಕಿ

ಎರಡು ತೊಟ್ಟು ಹರಳೆಣ್ಣೆ ಬೀಳಬೇಕಾದಲ್ಲಿ ಎರಡು ಚಮಚ ಬಿತ್ತು. ಆಗಿದ್ದು ಅಷ್ಟೇ. ಉಳಿದದ್ದೆಲ್ಲ ಎಂಜಿನ್ನಿನ ಹಿಂದೆ ಡಬ್ಬಿಗಳು ಬಂದ ಹಾಗೆ ತಾನಾಗಿ ಬಂತು.

ಗುಮಾಸ್ತ ಅಂದು ಬೇಗ ಎದ್ದು, ಕಿಟಕಿಯ ಕೆಳಗಿದ್ದ ಅಪ್ಪನ ಕಬ್ಬಿಣದ ಪೆಟ್ಟಿಗೆಯನ್ನು ಎಳೆದು ಮುಚ್ಚಳ ತೆಗೆದಿದ್ದ. ಒಳಗೆ ಮರದ ಅಚ್ಚುಗಳು. ಎಲೆ, ಮೀನು, ಛತ್ರಿ, ದೋಣಿ, ಮೋಡದ ಹಿಂದಿನಿಂದ ಇಣುಕುವ ಚಂದ್ರ. ಅಪ್ಪನ ಅಂಗೈ ಉಜ್ಜಿ ಉಜ್ಜಿ ಹಿಡಿಕೆಗಳೆಲ್ಲ ಹುಣಿಸೆ ಬೀಜದ ಹಾಗೆ ನುಣುಪಾಗಿದ್ದವು. ಶಾಲೆಯ ಗೇಟಿನ ಎದುರು ಒಂದು ಗೂಡಂಗಡಿಯಲ್ಲಿ ಕೂತು ಅಪ್ಪ ಈ ಅಚ್ಚುಗಳನ್ನು ಒತ್ತಿ ಒತ್ತಿ ಶುಭಾಶಯದ ಕಾರ್ಡು, ಉಡುಗೊರೆ ಸುತ್ತುವ ಕಾಗದ, ಪುಸ್ತಕಕ್ಕೆ ಅಂಟಿಸುವ ಚೀಟಿ ಎಲ್ಲ ಮಾಡುತ್ತಿದ್ದ. ಮಗನದೂ ದಿನವಿಡೀ ಠಸ್ಸೆ ಒತ್ತುವ ಕೆಲಸವೇ. ಕಚೇರಿಯಲ್ಲಿ, ಬಂದ ಕಾಗದಗಳ ಮೇಲೆ. ಅಪ್ಪನ ಕೈಯಲ್ಲಿ ಹಕ್ಕಿಯಾಗಿದ್ದದ್ದು ಮಗನ ಕೈಯಲ್ಲಿ ತಾರೀಖಾಗಿತ್ತು.

"ಎಳೆದದ್ದು ಎಳೆದಿರಿ, ಹಾಗೇ ಬಾಗಿಲ ಹತ್ರ ಇಟ್ಬಿಡಿ," ಎಂದಳು ಹೆಂಡತಿ, ಲಾಡ್ಜಿಗೆಂದು ಹೊಲಿದು ಮುಗಿಸಿದ ಬಿಳಿ ದಿಂಬಿನ ಚೀಲಗಳನ್ನು ಮಡಿಸುತ್ತ. "ಸಂಜೆ ಗುಜರಿಯವನು ಬರ್ತಾನೆ. ನಾಳೆ ನನ್ನ ಹೊಸ ಮೆಷಿನ್ನು ಬರುತ್ತೆ. ಈ ಮನೇಲಿ ಬೆಳಕು ಅಂತ ಇರೋದು ಆ ಕಿಟಕಿ ಹತ್ರ ಒಂದೇ."

"ಅಪ್ಪನ ಪೆಟ್ಟಿಗೆ ಕಣೇ."

"ಮಾವನವರ ಮೇಲೆ ನನಗೂ ಗೌರವ ಇದೆ. ಆದ್ರೆ ಅವರು ಅದನ್ನ ತೆಗೆದು ಕೆಲಸ ಮಾಡ್ತಿದ್ರು. ನೀವು ಅದರ ಮೇಲೆ ಕಾಲಿಟ್ಕೊಂಡು ಪೇಪರ್ ಓದ್ತೀರಿ."

ಗುಮಾಸ್ತನಿಗೆ ಇದ್ದದ್ದು ಒಂದೇ ಆಸೆ. ಅಂದು ಕಚೇರಿಯ ಸಾಹೇಬರು ನಿವೃತ್ತರಾಗುವ ದಿನ. ಬೀಳ್ಕೊಡುಗೆಯ ಕಾರ್ಡನ್ನು ತಾನೇ ಕೈಯಾರೆ ಮಾಡುತ್ತೇನೆಂದು ಒಪ್ಪಿಕೊಂಡು ಬಂದಿದ್ದ. ಅದಕ್ಕೆ ಈ ಅಚ್ಚುಗಳೇ ಬೇಕು ಎಂದ.

"ಆಯ್ತು," ಎಂದಳು ಹೆಂಡತಿ. "ಕಾರ್ಡು ಚೆನ್ನಾಗಿ ಬಂದಿದೆ ಅಂತ ಒಬ್ಬರು, ಒಬ್ಬರಾದ್ರೂ ಹೇಳಲಿ. ಪೆಟ್ಟಿಗೆ ಅಲ್ಲೇ ಇರಲಿ. ಮೆಷಿನ್ನಿಗೆ ಬೇರೆ ಜಾಗ ನೋಡ್ತೀನಿ. ಹೇಳಲಿಲ್ವೋ, ಗುಜರಿ. ಮತ್ತೆ ಆ ಮಸಿ ಕೈಯಲ್ಲಿ ಈ ಚೀಲ ಮುಟ್ಟೀರಿ ಜೋಕೆ. ಲಾಡ್ಜಿನ ಯಜಮಾನಿ ಒಂದು ಚುಕ್ಕೆ ಕಲೆ ಕಂಡ್ರೂ ಮುಖದ ಮೇಲೆ ಎಸೀತಾರೆ."

ಅವಳು ಒಲೆಯ ಕಡೆ ಹೋದಳು. ಗುಮಾಸ್ತ ಪೆಟ್ಟಿಗೆಯ ತಳದಿಂದ ಹಕ್ಕಿಯ ಅಚ್ಚನ್ನು ತೆಗೆದ. ಬಾಲ ಅರ್ಧಕ್ಕೇ ನಿಂತ ಹಕ್ಕಿ. ಚಿಕ್ಕವನಿದ್ದಾಗ ದಿನಾ ಬೆಳಗ್ಗೆ ಅಪ್ಪ ಅದನ್ನು ಅವನ ಮುಂಗೈ ಮೇಲೆ ಒತ್ತಿ, "ಇದು ಅಳಿಸೋಷ್ಟರಲ್ಲಿ ಮನೆಗೆ ಬಂದ್ಬಿಡು," ಎನ್ನುತ್ತಿದ್ದ. ಬಾಲ ಯಾಕೆ ಮೊಂಡು ಎಂದು ಕೇಳಿದರೆ, "ಪೂರ್ತಿ ಬಾಲ ಇದ್ದಿದ್ರೆ ಹಾರಿಹೋಗ್ತಿತ್ತಲ್ಲೋ," ಎಂದು ನಗುತ್ತಿದ್ದ. ನಿಜ ಸಂಗತಿ ಉಳಿ ಜಾರಿದ್ದು.

ಪೆಟ್ಟಿಗೆಯಲ್ಲಿದ್ದ ಇಂಕಿನ ಪ್ಯಾಡು ಒಣಗಿ ಹಪ್ಪಳವಾಗಿತ್ತು. ಮಸಿಗೆ ಎರಡು ತೊಟ್ಟು ಹರಳೆಣ್ಣೆ ಬಿಟ್ಟರೆ ಪ್ಯಾಡು ವರ್ಷಗಟ್ಟಲೆ ಒಣಗುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಾಯಿತು. ಆ ಮಾತಿಗೆ ಇನ್ನರ್ಧ ಇತ್ತು, ಅದು ನೆನಪಾಗಲಿಲ್ಲ. ಸೀಸೆ ಬಗ್ಗಿಸಿದ. ಕೈ ಜಾರಿತು. ಉಳಿ ಜಾರಿಸಿದವನ ಮಗನಲ್ಲವೇ!

ಕಾರ್ಡಿಗೆಂದು ಕಚೇರಿಯ ಕ್ಯಾಷಿಯರಮ್ಮ ಕನ್ನಡಿಯಂಥ ಹೊಳಪು ಕಾಗದ ಕೊಟ್ಟು ಕಳಿಸಿದ್ದರು. ಅದರ ಮೇಲೆ ಹಕ್ಕಿ ನೀಲಿಯಾಗಿ, ಚೊಕ್ಕವಾಗಿ ಕೂತಿತು. ಅಂಚಿಗೆ ಎಲೆ ಬಳ್ಳಿ ಒತ್ತೋಣ ಎಂದುಕೊಂಡ. ಹಕ್ಕಿ ಒಂದೇ ಸಾಕು ಅನ್ನಿಸಿತು. ಗುಮಾಸ್ತನ ಎದೆ ತುಂಬಿಬಂತು. ಕಾಗದದ ಮೂಲೆಯನ್ನು ಬೆರಳಿಂದ ಮುಟ್ಟಿ ನೋಡಿದ. ಒಣಗಿತ್ತು. ಆ ಮೂಲೆಯಲ್ಲಿ ಮಸಿಯೇ ಇರಲಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಕಾಗದ ಸ್ವಲ್ಪ ಸುರುಳಿ ಸುತ್ತುತ್ತಿತ್ತು. ಮಟ್ಟವಾಗಲಿ ಎಂದು, ಕೈ ಒರೆಸಿಕೊಂಡು, ಅದನ್ನು ದಿಂಬಿನ ಚೀಲಗಳ ಮಧ್ಯೆ ಸೇರಿಸಿ ಸ್ನಾನಕ್ಕೆ ಹೋದ. ಬಂದು ತೆಗೆದಾಗ ಹಕ್ಕಿ ಮಂಕಾಗಿತ್ತು. ಕಾಗದ ಕುಡಿದುಬಿಟ್ಟಿರಬೇಕು ಎಂದುಕೊಂಡು, ಅದರ ಮೇಲೆಯೇ ಗುರಿಯಿಟ್ಟು, ಧಾರಾಳವಾಗಿ ಇನ್ನೊಂದು ಸಲ ಒತ್ತಿದ.

ಗೇಟಿನ ಹತ್ತಿರ ಎದುರುಮನೆಯ ನಿವೃತ್ತ ಮಾಸ್ತರು ಸಿಕ್ಕರು. ಬೀದಿಯಲ್ಲಿ ಯಾರ ಕೈಯಲ್ಲಿ ಏನಿದ್ದರೂ ಅದನ್ನು ತಿದ್ದುವುದು ತಮ್ಮ ಹಕ್ಕೆಂದು ತಿಳಿದವರು.

"ಏನಯ್ಯ ಅದು? ಕೊಡಿಲ್ಲಿ. ಹಾಂ, ಹಕ್ಕಿ. ಬಾಲ ಎಲ್ಲಿ?"

"ಅದು ಅಷ್ಟೇ ಸಾರ್."

"ಅಷ್ಟೇ ಅಂದ್ರೆ? ಅಂಕ ಕಳೀತೀನಿ ನಾನಾಗಿದ್ರೆ." ಮಾಸ್ತರು ಬಿಸಿಲಿಗೆ ಕಾರ್ಡನ್ನು ತಲೆಯ ಮೇಲೆ ಅಡ್ಡ ಹಿಡಿದು, ಚಿತ್ರಕಲೆ ಎಷ್ಟು ಕೆಟ್ಟಿದೆ ಎಂಬ ಬಗ್ಗೆ ಸಾವಕಾಶವಾಗಿ ಮಾತಾಡಿದರು. ಕಾರ್ಡು ವಾಪಸ್ಸು ಬಂದಾಗ ಅವರ ಬೋಳುತಲೆಯ ನಡುಮಧ್ಯೆ ಒಂದು ನೀಲಿ ಹಕ್ಕಿ ಗೂಡು ಸಿಕ್ಕಿದ ನೆಮ್ಮದಿಯಲ್ಲಿ ಕೂತಿತ್ತು. ಗುಮಾಸ್ತ ಬಾಯಿ ತೆರೆದ. ಮಾಸ್ತರು, "ಎದುರು ಮಾತಾಡ್ಬೇಡ," ಎಂದರು. ಬಾಯಿ ಮುಚ್ಚಿಕೊಂಡು ಬಸ್ಸಿಗೆ ಓಡಿದ.

ಕಚೇರಿಯಲ್ಲಿ ಕ್ಯಾಷಿಯರಮ್ಮ ಮತ್ತು ಟೈಪಿಸ್ಟು ಕಾದೇ ಕೂತಿದ್ದರು.

"ಅಯ್ಯೋ, ಇನ್ನೂ ಹಸಿ ಇದೆಯಲ್ರೀ!" ಎಂದ ಟೈಪಿಸ್ಟು. "ಫ್ಯಾನಿಗೆ ಹಿಡೀರಿ."

"ಫ್ಯಾನ್ ಬೇಡಪ್ಪ, ಪೌಡರ್ ಹಾಕೋಣ," ಎಂದರು ಕ್ಯಾಷಿಯರಮ್ಮ ಕೈಚೀಲ ಬಿಚ್ಚುತ್ತ. "ನನ್ನ ಮುಖದ ಎಣ್ಣೆಯನ್ನೇ ಕುಡಿಯುತ್ತೆ, ಇದ್ಯಾವ ಲೆಕ್ಕ!"

ಟೈಪಿಸ್ಟು ಕೇಳುವವನಲ್ಲ. ಮೇಜಿನ ಫ್ಯಾನಿನ ಕೊನೆಯ ಗುಂಡಿ ಒತ್ತಿದ. ಕಾರ್ಡು ಗುಮಾಸ್ತನ ಕೈಯಿಂದ ಎದ್ದು, ಎರಡು ಮೇಜು ದಾಟಿ, ಅದೇ ಕ್ಷಣಕ್ಕೆ ಒಳಗೆ ಬಂದು ಹಾಜರಿ ಪುಸ್ತಕದ ಮೇಲೆ ಬಗ್ಗಿದ್ದ ಸಾಹೇಬರ ಬೆನ್ನಿಗೆ ಹೋಗಿ ಚಪ್ಪೆಂದು ಅಂಟಿಕೊಂಡಿತು. ಒಂದು ಗಳಿಗೆ ಅಲ್ಲೇ ಇತ್ತು. ಆಮೇಲೆ ಮೆಲ್ಲಗೆ ಜಾರಿ ನೆಲಕ್ಕೆ ಬಿತ್ತು.

ಕಚೇರಿಯಲ್ಲಿ ಅವರಿಗೆ ಇಸ್ತ್ರಿ ಸಾಹೇಬರು ಎಂದೇ ಹೆಸರು. ಅವರ ಬಿಳಿ ಕೋಟಿನಲ್ಲಿ ಒಂದು ಮಡಿಕೆ ಕಂಡವರಿಲ್ಲ, ಮುಖದಲ್ಲಿ ಒಂದು ನಗೆ ಕಂಡವರಿಲ್ಲ. ರಜೆ ಕೇಳಲು ಹೋದವರು ಹೆಚ್ಚು ಕೆಲಸ ಹೊತ್ತು ಬರುತ್ತಿದ್ದರು. ಆ ಕೋಟಿನ ಬೆನ್ನಿನ ನಟ್ಟನಡುವೆ ಈಗ ಅರ್ಧ ಬಾಲದ ಹಕ್ಕಿ.

"ಗಾಳಿ ಜಾಸ್ತಿ," ಎಂದಷ್ಟೇ ಹೇಳಿ ಸಾಹೇಬರು ತಮ್ಮ ಕೋಣೆಗೆ ನಡೆದರು. ಹಕ್ಕಿಯೂ ನಡೆಯಿತು.

"ಹೇಳೋಣ್ವಾ?" ಎಂದರು ಕ್ಯಾಷಿಯರಮ್ಮ.

"ನೀವೇ ಹೇಳಿ ಮೇಡಂ. ನನಗೆ ಇನ್ನೂ ಮದುವೆ ಆಗ್ಬೇಕು," ಎಂದ ಟೈಪಿಸ್ಟು.

ಗುಮಾಸ್ತನಿಗೆ ಇದ್ಯಾವುದೂ ಕೇಳಿಸಲಿಲ್ಲ. ಕೋಟಿನ ಮೇಲಿನ ಹಕ್ಕಿಯನ್ನು ನೋಡಿದ್ದೇ ಅವನಿಗೆ ಬೆಳಗಿನ ದಿಂಬಿನ ಚೀಲ ನೆನಪಾಗಿತ್ತು. ಕಾಗದ ಮಸಿ ಕುಡಿದಿರಲಿಲ್ಲ. ಕುಡಿದದ್ದು ಚೀಲ. ಅಪ್ಪನ ಮಾತಿನ ಇನ್ನರ್ಧವೂ ಆಗಲೇ ನೆನಪಿಗೆ ಬಂತು: ಎಣ್ಣೆ ಬಿಟ್ಟ ಮಸಿಗೆ ಒರಟು ಕಾಗದವೇ ಬೇಕು, ಹೊಳಪು ಕಾಗದದ ಮೇಲೆ ಅದು ಜನ್ಮದಲ್ಲಿ ಒಣಗದು. ಈ ಹೊತ್ತಿಗೆ ಹೆಂಡತಿ ಲಾಡ್ಜಿನ ಬಾಗಿಲಲ್ಲಿ ನಿಂತು ಬೈಸಿಕೊಳ್ಳುತ್ತಿರಬೇಕು. ಇನ್ನು ಪೆಟ್ಟಿಗೆಯ ಕತೆ ಮುಗಿದ ಹಾಗೆ.

ಕಾರ್ಡು ಉಳಿಸಿಕೊಳ್ಳೋಣ ಎಂದರೆ ಕ್ಯಾಷಿಯರಮ್ಮ ಆಗಲೇ ಪೌಡರ್ ಸುರಿದು ಕರವಸ್ತ್ರದಿಂದ ಒರೆಸಿದ್ದರು. ಮಾಸ್ತರ ತಲೆಯ ಮೇಲೆ, ಸಾಹೇಬರ ಬೆನ್ನ ಮೇಲೆ, ದಿಂಬಿನ ಮೇಲೆ ಹಕ್ಕಿಯಿತ್ತು. ಹಕ್ಕಿ ಇಲ್ಲದ ಜಾಗ ಕಾರ್ಡು ಒಂದೇ.

ಇಡೀ ದಿನ ಸಾಹೇಬರು ಕೋಣೆಯಿಂದ ಕೋಣೆಗೆ ಓಡಾಡಿದರು. ಅವರು ಹೋದಲ್ಲೆಲ್ಲ ಬೆನ್ನ ಹಿಂದೆ ಮುಖಗಳು ಅರಳಿದವು. ಮಧ್ಯಾಹ್ನದ ಹೊತ್ತಿಗೆ ಸಾಹೇಬರಿಗೂ ಏನೋ ಅನ್ನಿಸಿರಬೇಕು. "ಇವರೆಲ್ಲ ಇಷ್ಟು ನಗುಮುಖದವರು ಅಂತ ನನಗೆ ಗೊತ್ತೇ ಇರಲಿಲ್ಲ," ಎಂದು ಕ್ಯಾಷಿಯರಮ್ಮನ ಹತ್ತಿರ ಹೇಳಿದರಂತೆ.

ಬೀಳ್ಕೊಡುಗೆಯ ಹೊತ್ತು ಬಂತು. ಹೂಗುಚ್ಛ ಕೊಟ್ಟಾಯಿತು. ಕಾರ್ಡು ಕೊಡಲೇಬೇಕಾಯಿತು. ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿದರು.

"ಏನಿದು?"

"ಮೋಡ ಸಾರ್," ಎಂದ ಟೈಪಿಸ್ಟು ಥಟ್ಟನೆ.

"ಮೋಡ ಯಾಕೆ?"

ಅದಕ್ಕೆ ಯಾರೂ ತಯಾರಿ ಮಾಡಿಕೊಂಡಿರಲಿಲ್ಲ.

"ಸೆಕೆ," ಎಂದು ಸಾಹೇಬರು ಎದ್ದು ನಿಂತು, ಎಲ್ಲರೂ ನೋಡುತ್ತಿದ್ದಂತೆ, ಕೋಟು ಕಳಚಿದರು. ಕುರ್ಚಿಗೆ ಹಾಕಲು ತಿರುಗಿಸಿದವರು ಹಾಗೇ ನಿಂತರು.

"ಇದು ಯಾರ ಕೆಲಸ?"

ಕ್ಯಾಷಿಯರಮ್ಮ ಟೈಪಿಸ್ಟನ ಮುಖ ನೋಡಿದರು. ಟೈಪಿಸ್ಟು ಗುಮಾಸ್ತನ ಮುಖ ನೋಡಿದ. ಗುಮಾಸ್ತನಿಗೆ ನೋಡಲು ಯಾರೂ ಉಳಿದಿರಲಿಲ್ಲ.

"ನಂದು ಸಾರ್. ಎಣ್ಣೆ ಜಾಸ್ತಿಯಾಯ್ತು. ಒಗೆಸಿ ಕೊಡ್ತೀನಿ ಸಾರ್."

ಸಾಹೇಬರು ಆ ಮೊಂಡು ಬಾಲದ ಮೇಲೆ ಬೆರಳಾಡಿಸುತ್ತಿದ್ದರು. "ಈ ಬಾಲ ಯಾಕೆ ಹೀಗೆ?"

"ನಮ್ಮಪ್ಪ ಕೆತ್ತುವಾಗ..."

"ಪೂರ್ತಿ ಇದ್ದಿದ್ರೆ ಹಾರಿಹೋಗ್ತಿತ್ತು," ಎಂದರು ಸಾಹೇಬರು. ಆ ದನಿಯನ್ನು ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ. "ಶಾಲೆ ಗೇಟಿನ ಎದುರು. ಗೂಡಂಗಡಿ. ಅವರು ನಿಮ್ಮಪ್ಪನಾ?"

ಗುಮಾಸ್ತ ತಲೆಯಾಡಿಸಿದ.

"ಪರೀಕ್ಷೆ ದಿನ ಕೈ ಮುಂದೆ ಮಾಡಿದ್ರೆ ಒಂದು ಹಕ್ಕಿ ಒತ್ತೋರು. ಪುಕ್ಕಟೆ. ಅದು ಕೈ ಮೇಲಿದ್ರೆ ಲೆಕ್ಕ ತಪ್ಪಲ್ಲ ಅಂತ ನಮಗೆಲ್ಲ ನಂಬಿಕೆ. ಅಳಿಸಿಹೋಗುತ್ತೆ ಅಂತ ನಾನು ಆ ಕೈಗೆ ನೀರೇ ಸೋಕಿಸ್ತಿರಲಿಲ್ಲ. ಅಮ್ಮನ ಹತ್ರ ಎಷ್ಟು ಏಟು ತಿಂದಿದೀನಿ!" ಸಾಹೇಬರು ನಕ್ಕರು. ಅವರ ಮುಂದಿನ ಹಲ್ಲೊಂದು ಸೊಟ್ಟಗಿತ್ತು. ಇಷ್ಟು ವರ್ಷ ಅದು ಯಾರಿಗೂ ಗೊತ್ತಿರಲಿಲ್ಲ. "ಆ ಅಚ್ಚು ಇನ್ನೂ ಇದೆಯೇನಯ್ಯ?"

"ಇದೆ ಸಾರ್. ಇವತ್ತು ಸಂಜೆವರೆಗೂ ಇದೆ."

ಗುಜರಿಯ ವಿಷಯ ಕೇಳಿ ಸಾಹೇಬರು ಕೋಟನ್ನು ಹಕ್ಕಿ ಕಾಣುವ ಹಾಗೆ ಕುರ್ಚಿಗೆ ಹಾಕಿದರು. ಆಮೇಲೆ, ಗುಮಾಸ್ತನಿಗೆ ಮಾತ್ರ ಕೇಳುವ ಹಾಗೆ ಹೇಳಿದರು. "ನಾಳೆ ಬೆಳಗ್ಗೆ ಎದ್ದು ಏನು ಮಾಡೋದು ಅಂತ ನನಗೆ ಗೊತ್ತಿಲ್ಲ ಕಣಯ್ಯ."

ಆ ಮುಖ ನೋಡಿ ಗುಮಾಸ್ತನ ಬಾಯಿಂದ ಮಾತು ಹೊರಟೇಹೋಯಿತು. "ಪೂರ್ತಿ ಪೆಟ್ಟಿಗೆ ತಗೊಂಡ್ಹೋಗಿ ಸಾರ್. ಗುಜರಿಗೆ ಹೋಗೋದಕ್ಕಿಂತ..."

ಸಾಹೇಬರ ಮನೆಯ ಸಾಮಾನೆಲ್ಲ ಆಗಲೇ ಲಾರಿ ಹತ್ತಿತ್ತು. ದೂರದ ಊರು, ಆ ಸಂಜೆಯೇ ಪ್ರಯಾಣ. ದಾರಿಯಲ್ಲಿ ಕಾರು ಗುಮಾಸ್ತನ ಮನೆಯ ಮುಂದೆ ನಿಂತಿತು. ಹೆಂಡತಿ ಇನ್ನೂ ಬಂದಿರಲಿಲ್ಲ. ದಿಂಬಿನ ಚೀಲಗಳೂ ಇರಲಿಲ್ಲ. ಬೈಸಿಕೊಂಡದ್ದು ಇನ್ನೂ ಮುಗಿದಿಲ್ಲ ಎಂದುಕೊಂಡು ಅವನು ಡ್ರೈವರನ ಜೊತೆ ಪೆಟ್ಟಿಗೆ ಎತ್ತಿ ತಂದ. ಸಾಹೇಬರು ತಡೆಯಲಾರದೆ ಮೆಟ್ಟಿಲ ಮೇಲೇ ಕೂತು ಮುಚ್ಚಳ ತೆಗೆದರು. ಹಕ್ಕಿಯನ್ನು ಪ್ಯಾಡಿಗೆ ಒತ್ತಿ ತಮ್ಮ ಮುಂಗೈಗೆ ಒಂದು ಹಾಕಿಕೊಂಡರು.

"ನಿನ್ನ ಕೈ ಕೊಡು."

ಗುಮಾಸ್ತ ಕೊಟ್ಟ. ಮರದ ತಣ್ಣನೆ ಅಂಚು, ಆಮೇಲೆ ಮೆತ್ತಗಿನ ಒತ್ತು, ಹರಳೆಣ್ಣೆಯ ವಾಸನೆ. ಅವನು ಒಂದು ಕ್ಷಣ ಎತ್ತಲೋ ನೋಡಿದ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಕಿಟಕಿಯಿಂದ ನೀಲಿ ಹಕ್ಕಿಯ ಕೈಯೊಂದು ಬೀಸುತ್ತಲೇ ಇತ್ತು.

ಸ್ವಲ್ಪ ಹೊತ್ತಿಗೆ ಹೆಂಡತಿ ಓಡೋಡಿ ಬಂದಳು.

"ರೀ! ಗುಜರಿಯವನು ದಾರೀಲಿ ಸಿಕ್ದ. ನಮ್ಮ ಮನೆ ಕಡೆ ತಲೆ ಹಾಕ್ಬೇಡ ಅಂದೆ." ಅವಳು ಕೈಚೀಲದಿಂದ ಒಂದು ದಿಂಬಿನ ಚೀಲ ಎಳೆದು ಅವನ ಮುಖದ ಮುಂದೆ ಹಿಡಿದಳು. ಬಿಳಿಯ ಮೇಲೆ ನೀಲಿ ಹಕ್ಕಿ. "ಇದನ್ನ ಲಾಡ್ಜಿನ ಯಜಮಾನಿ ಬಿಚ್ಚಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. ನಿಮ್ಮನ್ನ ಮನಸ್ಸಲ್ಲೇ ಏನೇನು ಅಂದೆನೋ, ಕೇಳ್ಬೇಡಿ. ಅವರು ನೋಡಿದ್ರು, ನೋಡಿದ್ರು, 'ಅಯ್ಯೋ, ದಿಂಬಿನ ಮೇಲೆ ಹಕ್ಕಿ ಮಲಗಿದೆ!' ಅಂದ್ರು. ಲಾಡ್ಜಿನ ಪ್ರತಿ ದಿಂಬಿಗೂ ಇದೇ ಬೇಕಂತೆ. ಇದೇ, ಇದೇ ಬಾಲದ್ದು. ಮೆಷಿನ್ನು ಬಾಗಿಲ ಹತ್ರ ಹಾಕೋಣ. ಕಿಟಕಿ ನಿಮಗೇ. ಎಲ್ಲಿ, ಪೆಟ್ಟಿಗೆ ಎಳೀರಿ."

ಗುಮಾಸ್ತ ಕಿಟಕಿಯ ಕೆಳಗೆ ನೋಡಿದ. ಅವಳೂ ನೋಡಿದಳು. ನೆಲದಲ್ಲಿ ಪೆಟ್ಟಿಗೆಯಷ್ಟೇ ಅಗಲದ ಒಂದು ಬಿಳಿಚಿದ ಚೌಕ ಇತ್ತು.

"ಯಾರಿಗೆ ಕೊಟ್ರಿ?"

ಹೇಳಿದ.

"ಬರೆದು ವಾಪಸ್ ಕೇಳಿ."

"ಆ ಮುಖ ನೋಡಿದ್ರೆ ನೀನೂ ಕೇಳ್ತಿರಲಿಲ್ಲ ಕಣೇ."

ಅವಳು ಪೆಟ್ಟಿಗೆಯಿಲ್ಲದ ಜಾಗವನ್ನು ನೋಡುತ್ತ ಕೂತಳು. ಆಮೇಲೆ ಅವಳ ಕಣ್ಣು ಅವನ ಮುಂಗೈ ಮೇಲೆ ಬಿತ್ತು. ಮಣಿಕಟ್ಟು ಹಿಡಿದೆಳೆದು, ವಾಪಸ್ಸು ತಂದಿದ್ದ ಇನ್ನೊಂದು ದಿಂಬಿನ ಚೀಲದ ಮೇಲೆ ಅವನ ಕೈಯನ್ನು ಬೋರಲಾಗಿ ಒತ್ತಿದಳು.

ಹಕ್ಕಿ ಬಂತು. ಬೆಳಗಿನ ಚೀಲದ ಹಕ್ಕಿ ನೋಡುತ್ತಿದ್ದ ಕಡೆಗೇ ನೋಡುತ್ತಿತ್ತು.

ಎರಡನೆಯದು ಸ್ವಲ್ಪ ಮಂಕು. ಮೂರನೆಯದಕ್ಕೆ ಇದ್ದ ಅರ್ಧ ಬಾಲವೂ ಬರಲಿಲ್ಲ. ಎದುರುಮನೆಯಿಂದ ಮಾಸ್ತರು, "ನನ್ನ ತಲೆ ಮೇಲೆ ಇದನ್ನ ಯಾರಯ್ಯ ಮಾಡಿದ್ದು?" ಎಂದು ಕೂಗುತ್ತ ಗೇಟು ತೆಗೆಯುವುದು ಕೇಳಿಸಿತು. ಹೆಂಡತಿ ತಲೆ ಎತ್ತಿದಳು. ಅವಳ ಕಣ್ಣಲ್ಲಿ ಒಂದು ಆಸೆ ಮಿಂಚಿತು.

"ಒಳಗೆ ಬನ್ನಿ ಸಾರ್," ಎಂದು ಮತ್ತೊಂದು ಚೀಲ ಬಿಡಿಸುತ್ತ ಕೂಗಿದಳು. ಆಮೇಲೆ ಗಂಡನ ಕಡೆ ತಿರುಗಿ, "ನೀವು ಕೈ ತೊಳೀಬೇಡಿ," ಎಂದಳು.

ತೊಳೆಯುವ ಯೋಚನೆ ಅವನಿಗೂ ಇರಲಿಲ್ಲ.